ಅಡಿಕೆ ಮಾರುವ ಮುಂಚೆ ನನ್ನನ್ನೇ ವಿಚಾರಿಸಿಕೊಳ್ಳುವುದು

ತೀರ್ಥಹಳ್ಳಿ ಕಡೆ ನಮ್ಮದೊಂದು ಸಣ್ಣ ಅಡಿಕೆ ತೋಟ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಕೊನೆ (ಗೊನೆ) ಕೊಯ್ಲು, ಸುಲಿಯುವುದು, ಬೇಯಿಸಿ ಒಣಗಿಸುವುದು, ಇದೆಲ್ಲ ಹೇಗೋ ನಡೆಯುತ್ತದೆ. ಕಷ್ಟ ಇರುವುದು ಮಾರುವುದರಲ್ಲಿ. ರೇಟು ನಮ್ಮ ಕೈಯಲ್ಲಿಲ್ಲ, ಸರಿ. ಆದರೆ ರೇಟು ನೋಡಿದಾಗ ಏಳುವ ಆಸೆ, ಭಯ, ಹೊಟ್ಟೆಕಿಚ್ಚು ನಮ್ಮದೇ ಅಲ್ವಾ?

ಅದನ್ನು ಗಮನಿಸಲಿಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಶಿವಮೊಗ್ಗದ ಮಂಡಿಗೆ ಮಾಲು ಕಳಿಸುವ ಮೊದಲೇ ಅದರಲ್ಲಿ ಬರೆಯಬೇಕು: ಇವತ್ತಿನ ರೇಟು, ಕೊಡುವುದೋ ಬಿಡುವುದೋ, ಯಾಕೆ. ಒಂದು ಪುಟ ಹೀಗಿದೆ (ರಾಶಿ ಅಂದರೆ ಅಡಿಕೆಯ ಒಂದು ಬಗೆ, ರೇಟು ಕ್ವಿಂಟಾಲಿಗೆ): "ರಾಶಿ 48 ಸಾವಿರ. ಕೊಡುವುದಿಲ್ಲ. ಯಾಕೆ? ಹೋದ ತಿಂಗಳು ಭಾವ 51ಕ್ಕೆ ಕೊಟ್ಟಿದ್ದ." ಇದರಲ್ಲಿ ಮಾರುಕಟ್ಟೆಯ ಸುದ್ದಿಯೇ ಇಲ್ಲ ನೋಡಿ. ಹಬ್ಬಕ್ಕೆ ಬಂದಾಗ ಭಾವ ಮಾಡುವ ತಮಾಷೆಗೆ ಹೆದರಿ ಮಾಲು ಹಿಡಿದಿಟ್ಟದ್ದು ಅಷ್ಟೇ.

ಮೊದಲೇ ಬರೆಯುವುದು ಯಾಕೆ ಅಂದರೆ, ಆಮೇಲಿನ ನೆನಪನ್ನು ನಂಬುವ ಹಾಗಿಲ್ಲ. ರೇಟು ಏರಿದ ಮೇಲೆ "ನಾನು ಆಗಲೇ ಹೇಳಿರಲಿಲ್ವಾ" ಅನ್ನುವವರು ಬೇಕಂತ ಸುಳ್ಳು ಹೇಳುವುದಿಲ್ಲ. ಅವರಿಗೆ ಹಾಗೇ ಅನಿಸಿರುತ್ತದೆ. ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಇನ್ನೊಂದು, ನಷ್ಟದ ಸಂಕಟ. ಸಾವಿರ ರೂಪಾಯಿ ಬಂದ ಖುಷಿಗಿಂತ ಸಾವಿರ ಹೋದ ನೋವು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದರು. ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕಡೆಯ ಯಾವ ಬೆಳೆಗಾರನನ್ನು ಕೇಳಿದರೂ ಇದನ್ನು ಹೇಳುತ್ತಿದ್ದ, ಇರಲಿ. ನನಗೆ ಹೊಳೆದದ್ದು ಬೇರೆ: ಆ 51 ಸಾವಿರ ನನ್ನ ಕೈಗೆ ಬಂದೇ ಇರಲಿಲ್ಲ. ಆದರೂ ಕಳೆದುಕೊಂಡ ದುಡ್ಡಿನ ಹಾಗೆ ಕೊರೆಯುತ್ತಿತ್ತು.

ಹಾಗಾಗಿ ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಅಡಿಕೆ ಇಲ್ಲ, ಅಷ್ಟೇ ದುಡ್ಡು ಕೈಯಲ್ಲಿದೆ ಅಂತ ಇಟ್ಟುಕೊಳ್ಳೋಣ. ಇವತ್ತಿನ ರೇಟಿಗೆ ಅಡಿಕೆ ಕೊಂಡು ಅಟ್ಟದಲ್ಲಿ ಇಡ್ತೀನಾ? ಹೆಚ್ಚಿನ ಸಲ ಉತ್ತರ "ಛೆ, ಯಾರು ಕೊಳ್ತಾರೆ!" ಹಾಗಾದರೆ ಇರುವುದನ್ನು ಯಾಕೆ ಹಿಡಿದಿಡಬೇಕು? ಒಂದು ಪಾಲು ಕೊಟ್ಟುಬಿಡುತ್ತೇನೆ. ಇದರಿಂದ ರೇಟು ಜಾಸ್ತಿ ಸಿಕ್ಕಿತಾ ಅಂದರೆ, ಇಲ್ಲ. ಮನೆಯಲ್ಲಿ ಸಿಡಿಮಿಡಿ ಕಡಿಮೆ ಆಗಿದೆ.

ಅಪ್ಪಯ್ಯನ ಹತ್ತಿರ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಅಟ್ಟದಲ್ಲಿ ಮೂಟೆ ಇದ್ದರೇ ಧೈರ್ಯ, ರೇಟು ಆಮೇಲಿನ ಮಾತು. ಅದು ಗೊತ್ತಾದ ಮೇಲೆ ವಾದ ಮಾಡುವುದನ್ನು ಬಿಟ್ಟೆ. ಏನೇ ಆಗಲಿ, ಎರಡು ಮೂಟೆ ಅವರ ಹೆಸರಿಗೆ ಹಾಗೇ ಇರುತ್ತದೆ. ಉಳಿದದ್ದಕ್ಕೆ ಈಗ ಅವರೇ ಕೇಳುತ್ತಾರೆ, "ಮಂಡಿಗೆ ಗಾಡಿ ಹೇಳಿದ್ಯನಾ?"