ಲೇಸರ್ ಹೊಗೆ ಕೋಣೆಗೆ ಬಾರದಂತೆ: ಮನೆಯಲ್ಲೇ ಕಟ್ಟಿಕೊಳ್ಳುವ ವ್ಯವಸ್ಥೆ

ಮರದ ಮೇಲೆ ಹೆಸರು, ಚಿತ್ರ ಕೊರೆಯುವ ಪುಟ್ಟ ಲೇಸರ್ ಯಂತ್ರಗಳು ಈಗ ಮನೆಯ ಮೇಜಿನ ಮೇಲೂ ಬಂದು ಕೂತಿವೆ. ಲೇಸರ್ ಕೊರೆಯುವುದೆಂದರೆ ಸುಡುವುದೇ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಸುಟ್ಟರೆ ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಅಕ್ರಿಲಿಕ್‌ನಿಂದ ಮೀಥೈಲ್ ಮೆಥಾಕ್ರಿಲೇಟ್. ಎರಡೂ ಕಣ್ಣು, ಗಂಟಲು ಉರಿಸುವಂಥವು. ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಹಾಕಿದರೆ ಹೊಗೆ ಹೊರಗೆ ಹೋಗುವುದಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿನವರೆಗೂ ಹರಡುತ್ತದೆ.

ಮೊದಲು ಪೆಟ್ಟಿಗೆ. ಯಂತ್ರ ಹಿಡಿಸುವಂತೆ 70 ಸೆಂ.ಮೀ. ಉದ್ದ, ಅಷ್ಟೇ ಅಗಲ, 35 ಸೆಂ.ಮೀ. ಎತ್ತರದ್ದನ್ನು 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿಸಿ. ಮೇಲೆ ಕೀಲಿನ ಮುಚ್ಚಳ, ಅಂಚಿಗೆ ಫೋಮ್ ಪಟ್ಟಿ. ಒಳಗೆ ನೋಡಲು ಕಿಟಕಿ ಬೇಕೆಂದರೆ ನಿಮ್ಮ ಲೇಸರ್‌ನ ತರಂಗಾಂತರವನ್ನು ತಡೆಯುವ ಹಾಳೆಯನ್ನೇ ಹಾಕಿ. ನೀಲಿ ಡಯೋಡ್ ಲೇಸರ್‌ಗಳದು ಸುಮಾರು 450 ನ್ಯಾನೋಮೀಟರ್.

ಹಿಂಬದಿಯ ಮೇಲ್ಭಾಗದಲ್ಲಿ 100 ಮಿ.ಮೀ. ತೂತು ಕೊರೆದು ಪೈಪ್ ಕೂರಿಸಿ. ಅದರ ಎದುರು, ಮುಂಬದಿಯ ಕೆಳಗೆ, 40 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಸೀಳು ಬಿಡಿ. ಈ ಸೀಳನ್ನು ಬಹಳ ಜನ ಮರೆಯುತ್ತಾರೆ. ಸೌದೆ ಒಲೆಗೆ ಬಾಯಿ ಇಲ್ಲದಿದ್ದರೆ ಮೇಲೆ ಹೊಗೆಕಂಡಿ ಇದ್ದೂ ಹೊಗೆ ಏಳುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಒಳಗೆ ಗಾಳಿ ಬಾರದೆ ಫ್ಯಾನ್ ಏನನ್ನೂ ಎಳೆಯಲಾರದು. ಸೀಳಿನ ಒಳಬದಿಗೆ ಎರಡು ಬೆರಳಷ್ಟು ಅಂತರ ಬಿಟ್ಟು ಒಂದು ಪಟ್ಟಿ ಅಡ್ಡ ನಿಲ್ಲಿಸಿದರೆ ಗಾಳಿ ಬರುತ್ತದೆ, ಲೇಸರ್ ಬೆಳಕು ನೇರವಾಗಿ ಹೊರಬೀಳುವುದಿಲ್ಲ.

ಇನ್ನು ಫ್ಯಾನ್. ಬಚ್ಚಲುಮನೆಗೆ ಹಾಕುವ ಎಕ್ಸಾಸ್ಟ್ ಫ್ಯಾನ್ ಉದ್ದದ ಪೈಪಿನ ಎದುರು ಸೋಲುತ್ತದೆ. ಪೈಪಿನ ನಡುವೆಯೇ ಕೂರುವ 100 ಮಿ.ಮೀ. ಇನ್‌ಲೈನ್ ಡಕ್ಟ್ ಫ್ಯಾನ್ ಕೊಳ್ಳಿ. ಗಂಟೆಗೆ 180 ಘನ ಮೀಟರ್ ಎಂದು ಬರೆದಿದ್ದರೆ ನಿಮಿಷಕ್ಕೆ 3 ಘನ ಮೀಟರ್ ಆಯಿತು. ಲೆಕ್ಕದ ಪ್ರಕಾರ ಪೆಟ್ಟಿಗೆಯ ಗಾಳಿ ನಿಮಿಷಕ್ಕೆ 17 ಸಲ ಬದಲಾಗುತ್ತದೆ. ಪೈಪಿನ ತಡೆಯಿಂದ ಅದರರ್ಧಕ್ಕೆ ಇಳಿದರೂ ನಡೆಯುತ್ತದೆ.

ಫ್ಯಾನ್ ಎಲ್ಲಿ ಕೂರಬೇಕು ಎಂಬುದೇ ಇಡೀ ಕೆಲಸದ ಜೀವಾಳ. ನಾನು ಮೊದಲು ಅದನ್ನು ಪೆಟ್ಟಿಗೆಗೆ ಅಂಟಿಸಿದ್ದೆ. ಅಲ್ಲಿಂದ ಕಿಟಕಿವರೆಗಿನ ಪೈಪಿನೊಳಗೆ ಒತ್ತಡ ಹೆಚ್ಚಿ ಪ್ರತಿಯೊಂದು ಸಂದಿನಿಂದಲೂ ಹೊಗೆ ಕೋಣೆಗೆ ಸೋರಿತು. ಫ್ಯಾನನ್ನು ಕಿಟಕಿಯ ಬಳಿಗೆ ಸರಿಸಿದ ಮೇಲೆ ಪೈಪಿನಲ್ಲಿ ಎಳೆತವಾಯಿತು. ಈಗ ಸಂದು ಬಿಟ್ಟರೂ ಕೋಣೆಯ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ.

ಸುರುಳಿ ಅಲ್ಯೂಮಿನಿಯಂ ಪೈಪನ್ನು ಜಗ್ಗಿ ಬಿಗಿಯಾಗಿ ಕಟ್ಟಿ, ಜೋಡಣೆಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿ. ಒಂದೊಂದು ತಿರುವೂ ಎಳೆತವನ್ನು ತಿನ್ನುತ್ತದೆ. ಕಿಟಕಿಯ ಒಂದು ಗಾಜಿನ ಬದಲು ಪ್ಲೈ ಹಲಗೆ ಕೂರಿಸಿ ಅದರಲ್ಲಿ ಪೈಪ್ ತೂರಿಸಿ, ಮಳೆ ಬಾರದಂತೆ ಹೊರಗೆ ಮುಚ್ಚಳ ಹಾಕಿ. ಬಾಯಿ ಪಕ್ಕದ ಮನೆಯವರ ಕಿಟಕಿಗೆ ಎದುರಾಗಬಾರದು. ಇದ್ದಿಲು ಫಿಲ್ಟರ್ ಹಾಕಿ ಗಾಳಿಯನ್ನು ಕೋಣೆಗೇ ಬಿಡುವ ಆಸೆ ಬೇಡ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಅದು ಹಿಡಿಯುವುದಿಲ್ಲ.

ಪಿವಿಸಿಯನ್ನಂತೂ ಯಾವ ಫ್ಯಾನ್ ಇದ್ದರೂ ಸುಡಬೇಡಿ. ರೆಕ್ಸಿನ್, ಫ್ಲೆಕ್ಸ್, ವಿನೈಲ್ ಸ್ಟಿಕ್ಕರ್ ಎಲ್ಲದರಲ್ಲೂ ಅದು ಇರಬಹುದು. ಅದರಿಂದ ಏಳುವ ಹೈಡ್ರೋಜನ್ ಕ್ಲೋರೈಡ್ ತೇವ ಸೇರಿದರೆ ಆಮ್ಲ. ಶ್ವಾಸಕೋಶವನ್ನೂ ಸುಡುತ್ತದೆ, ಯಂತ್ರದ ಕಬ್ಬಿಣವನ್ನೂ ತುಕ್ಕು ಹಿಡಿಸುತ್ತದೆ.

ಎಲ್ಲ ಮುಗಿದ ಮೇಲೆ ಲೇಸರ್ ಹಾಕದೆ ಫ್ಯಾನ್ ಮಾತ್ರ ಹಾಕಿ, ಊದುಬತ್ತಿ ಹಚ್ಚಿ ಪ್ರತಿ ಸಂದಿನ ಬಳಿ ಹಿಡಿಯಿರಿ. ಹೊಗೆಯ ಎಳೆ ಒಳಗೆ ಬಾಗಬೇಕು. ಕೆಲಸಕ್ಕೆ ಮುಂಚೆಯೇ ಫ್ಯಾನ್ ಹಾಕಿ, ಮುಗಿದ ಮೇಲೂ ಐದು ನಿಮಿಷ ಓಡಲಿ, ಆಮೇಲೆ ಮುಚ್ಚಳ ತೆಗೆಯಿರಿ. ಎಳೆವ ಗಾಳಿ ಬೆಂಕಿಯನ್ನೂ ಊದಬಲ್ಲದು. ಯಂತ್ರ ಓಡುವಷ್ಟು ಹೊತ್ತೂ ಪಕ್ಕದಲ್ಲೇ ಇರಿ, ಕೈಗೆ ಸಿಗುವಂತೆ ಅಗ್ನಿಶಾಮಕ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಊದುಬತ್ತಿಯ ಪರೀಕ್ಷೆ ಮತ್ತೆ ಮಾಡಿ. ಎಳೆ ಮೊದಲಿನಷ್ಟು ಬಾಗದಿದ್ದರೆ ಫ್ಯಾನಿನ ರೆಕ್ಕೆಗೆ ಜಿಡ್ಡು ಕೂತಿರಬಹುದು, ಪ್ಲಗ್ ಕಿತ್ತು ಬಿಚ್ಚಿ ಒರೆಸಿ.