ಹಳೆಯವರು, ಹೊಸಬರು, ಬಾಡಿಗೆಯವರು: ಸೊಸೈಟಿ ಕಾರ್ಯದರ್ಶಿಯೊಬ್ಬನ ಅನುಭವ

ಮುಂಬಯಿಯ ಚೆಂಬೂರಿನ ತಿಲಕ್ ನಗರದಲ್ಲಿ ರಾಜ್ಯ ಸರ್ಕಾರದ ವಸತಿ ಸಂಸ್ಥೆಯಾದ ಮ್ಹಾಡಾ ಕಟ್ಟಿಸಿದ್ದ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಕುಟುಂಬ ಬಹುಕಾಲ ವಾಸವಾಗಿತ್ತು. ಅದು ರೀಡೆವಲಪ್‌ಮೆಂಟ್‌ಗೆ ಹೋಗಿ, ಅಂದರೆ ಹಳೆಯದು ನೆಲಸಮವಾಗಿ, ಅದೇ ಜಾಗದಲ್ಲಿ ಲಿಫ್ಟು, ಪೋಡಿಯಂ ಪಾರ್ಕಿಂಗ್‌ಗಳಿರುವ ಟವರು ಎದ್ದ ಮೇಲೆ, ಬ್ಯಾಂಕಿನಿಂದ ಆಗಷ್ಟೇ ನಿವೃತ್ತನಾಗಿದ್ದ ನನ್ನನ್ನು ಸೊಸೈಟಿಯ, ಅಂದರೆ ಮನೆ ಮಾಲೀಕರ ಸಹಕಾರ ಸಂಘದ, ಕಾರ್ಯದರ್ಶಿಯಾಗಿ ಆರಿಸಿದರು. ಲೆಕ್ಕ ಬಲ್ಲವನು, ಸಿಟ್ಟು ಕಡಿಮೆ ಎಂಬುದಷ್ಟೇ ನನ್ನ ಅರ್ಹತೆಯಾಗಿತ್ತು. ನೀರು, ಲೀಕೇಜು, ಪಾರ್ಕಿಂಗ್ ಇವು ಮೂರು ಸರಿಯಾದರೆ ಜನ ತಾವಾಗಿ ಒಂದಾಗುತ್ತಾರೆ ಎಂಬುದು ಸಮಿತಿಯ ಹಿರಿಯರ ಅಭಿಪ್ರಾಯ. ಮೂರನ್ನೂ ಸಾಕಷ್ಟು ಸರಿಪಡಿಸಿದೆವು, ದೂರುಗಳೂ ತಗ್ಗಿದವು. ಆದರೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ ವಾರ್ಷಿಕ ಸಭೆಗೆ ಕೋರಮ್ಮೇ, ಅಂದರೆ ಬೇಕಾದ ಕನಿಷ್ಠ ಹಾಜರಾತಿಯೇ, ಕೂಡಲಿಲ್ಲ. ಮುಂದೂಡಿದ ಸಭೆಗೆ ಕೋರಮ್ ಬೇಕಿಲ್ಲವೆಂಬ ಉಪವಿಧಿಯ ಆಸರೆಯಲ್ಲಿ ಹೇಗೋ ಕಲಾಪ ಮುಗಿಸಿದೆವು.

ಒಡಕಿನ ಮೂಲ ಬೇರೆಡೆ ಇತ್ತು. ರೀಡೆವಲಪ್‌ಮೆಂಟ್ ಆದ ಮುಂಬಯಿಯ ಬಹುತೇಕ ಸೊಸೈಟಿಗಳಲ್ಲಿ ಎರಡು ಬಗೆಯ ಮಾಲೀಕರಿರುತ್ತಾರೆ. ಹಳೆಯ ಖೋಲಿಯನ್ನು, ಅಂದರೆ ಚಿಕ್ಕ ಮನೆಯನ್ನು, ಬಿಟ್ಟುಕೊಟ್ಟು ಹೊಸ ಫ್ಲ್ಯಾಟನ್ನು ಹಣ ಕೊಡದೆ ಪಡೆದ ಮೂಲ ಸದಸ್ಯರು ಒಂದು ಕಡೆ. ಬಿಲ್ಡರನಿಂದ ಕೋಟಿಗಟ್ಟಲೆ ತೆತ್ತು ಕೊಂಡ, ನಾವು ಸೇಲ್ ಫ್ಲ್ಯಾಟಿನವರು ಎಂದು ಕರೆಯುವ ಹೊಸಬರು ಇನ್ನೊಂದು ಕಡೆ. ಬಿಲ್ಡರ್ ಹಳಬರಿಗಾಗಿ ಕೊಟ್ಟ ಇಡುಗಂಟಾದ ಕಾರ್ಪಸ್ ಫಂಡಿನ ಬಡ್ಡಿಯಿಂದ ಹಳಬರ ಮೇಂಟೆನೆನ್ಸಿನ ಭಾರ ಕಡಿಮೆಯಾಗುತ್ತದೆ, ಹೊಸಬರು ಪೂರ್ತಿ ಕಟ್ಟುತ್ತಾರೆ. ‘ಫುಕಟ್ ಮನೆ ಸಿಕ್ಕವರು’ ಎಂದು ಇವರು ಗೊಣಗಿದರೆ, ‘ನಮ್ಮ ನೆಲದ ಮೇಲೆ ಬಂದು ಕೂತವರು’ ಎಂದು ಅವರು ಗೊಣಗುತ್ತಿದ್ದರು. ಅದೇ ನೆಲದಲ್ಲಿ ನಾಲ್ಕೈದು ದಶಕ ಮಳೆನೀರಿನೊಡನೆ ಬಾಳಿದವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ; ಆದರೆ ಆ ಸತ್ಯವನ್ನು ದಿನವೂ ಲಿಫ್ಟಿನಲ್ಲಿ ಕೇಳಿಸಿಕೊಳ್ಳುವ ಹೊಸಬನಿಗೆ ಈ ಕಟ್ಟಡದ ಮೇಲೆ ಮಮತೆ ಹುಟ್ಟುವ ಬಗೆ ಯಾವುದು?

ನಾನು ಶೇರ್ ಸರ್ಟಿಫಿಕೇಟಿನಿಂದ ಆರಂಭಿಸಿದೆ. ಸೊಸೈಟಿಯ ಸದಸ್ಯನಾಗಲು ನೂರು ರೂಪಾಯಿ ಪ್ರವೇಶಧನ ಮತ್ತು ಐವತ್ತು ರೂಪಾಯಿಯ ಹತ್ತು ಶೇರುಗಳು ಸಾಕು. ಕೋಟಿಯ ಫ್ಲ್ಯಾಟಿಗೆ ಐನೂರು ರೂಪಾಯಿಯ ಶೇರು ಎಂಬುದು ವಿಚಿತ್ರವಾಗಿ ಕಂಡರೂ, ಆ ಕಾಗದ ಕೈಗೆ ಬರುವವರೆಗೆ ಕೊಂಡವನು ತನ್ನನ್ನು ಗಿರಾಕಿ ಎಂದೇ ಭಾವಿಸುತ್ತಾನೆ. ಹಲವು ಸೊಸೈಟಿಗಳಲ್ಲಿ ಇದನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ, ಕೊನೆಗೆ ವಾಚ್‌ಮನ್ ಕೈಯಲ್ಲಿ ಕಳಿಸುತ್ತಾರೆ. ನಾನು ಅದನ್ನು ಬೇಗ ಸಿದ್ಧಪಡಿಸಿ, ಅಧ್ಯಕ್ಷರನ್ನೂ ಆ ಮಹಡಿಯಲ್ಲೇ ಇರುವ ಒಬ್ಬ ಹಳೆಯ ಸದಸ್ಯರನ್ನೂ ಜೊತೆಗೆ ಕರೆದುಕೊಂಡು, ಪ್ರತಿ ಹೊಸ ಮನೆಗೂ ಹೋಗಿ ಕೊಟ್ಟೆ. ಮುಖ್ಯವಾದದ್ದು ಆ ಹಳೆಯ ಸದಸ್ಯರ ಇರುವಿಕೆ. ಚಹಾ ಮುಗಿಯುವ ಹೊತ್ತಿಗೆ ಯಾರ ಮಗ ಯಾವ ಕಾಲೇಜಿನಲ್ಲಿದ್ದಾನೆ, ಬೆಳಿಗ್ಗೆ ಕುರ್ಲಾದಲ್ಲಿ ಯಾವ ಲೋಕಲ್ ಹಿಡಿಯುತ್ತಾರೆ ಎಂಬುದೆಲ್ಲ ಹೊರಬರುತ್ತಿತ್ತು, ಕಾರ್ಪಸ್ಸಿನ ಮಾತು ಹಿಂದೆ ಸರಿಯುತ್ತಿತ್ತು.

ಈ ಕೆಲಸ ನಡೆದಿದ್ದಾಗ ಅಮೆರಿಕದ ಒಂದು ಅಧ್ಯಯನದ ವರದಿ ಓದಲು ಸಿಕ್ಕಿತು. ನೈಟ್ ಫೌಂಡೇಶನ್ ಮತ್ತು ಗ್ಯಾಲಪ್ ಸಂಸ್ಥೆಗಳು 2008ರಿಂದ 2010ರವರೆಗೆ ಅಲ್ಲಿನ 26 ಊರುಗಳಲ್ಲಿ ಸುಮಾರು 43,000 ಜನರನ್ನು ವಿಚಾರಿಸಿ, ಊರಿನ ಮೇಲೆ ಮಮತೆ ಯಾವುದರಿಂದ ಬೆಳೆಯುತ್ತದೆ ಎಂದು ಪರಿಶೀಲಿಸಿದ್ದವು. ಮೂರು ವರ್ಷವೂ ಮೊದಲ ಸಾಲಿನಲ್ಲಿ ನಿಂತದ್ದು ಮೂರು ಸಂಗತಿಗಳು: ಜನ ಕೂಡಿ ಬೆರೆಯುವ ತಾಣ ಮತ್ತು ಸಂದರ್ಭಗಳು, ಬಗೆಬಗೆಯ ಜನರನ್ನು ಒಳಗೊಳ್ಳುವ ಮನಸ್ಸು, ಮತ್ತು ಊರಿನ ಚೆಲುವು. ಉದ್ಯೋಗ, ಭದ್ರತೆಗಳು ಆ ಸಾಲಿಗೆ ಬರಲಿಲ್ಲ. ಮಮತೆ ಹೆಚ್ಚಿದ್ದ ಊರುಗಳ ಆರ್ಥಿಕ ಬೆಳವಣಿಗೆಯೂ ಹೆಚ್ಚಿತ್ತು ಎಂಬುದು ಅವರ ಇನ್ನೊಂದು ಮಾತು. ಆದರೆ ಯಾವುದು ಯಾವುದಕ್ಕೆ ಕಾರಣ ಎಂದು ಅಷ್ಟರಿಂದಲೇ ಹೇಳಲಾಗದು. ಅಮೆರಿಕದ ಊರಿಗೂ ಚೆಂಬೂರಿನ ಕಟ್ಟಡಕ್ಕೂ ಸಾಮ್ಯ ಎಲ್ಲಿಯದು ಎಂದು ನಮ್ಮ ಖಜಾಂಚಿ ನಕ್ಕರೂ, ಸಿಸಿಟಿವಿಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಕೂರುವ ಜಾಗಕ್ಕೆ ತಿರುಗಿಸಲು ಆ ವರದಿ ನನಗೆ ನೆರವಾಯಿತು.

ಕೂರುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಲು ಖೋಲಿಗಳ ಹಳೆಯ ವಠಾರಗಳಾದ ಚಾಳುಗಳ ಒಗ್ಗಟ್ಟಿನ ಬಗ್ಗೆ ಇಲ್ಲಿ ಎಲ್ಲರೂ ಹಂಬಲದಿಂದ ಮಾತನಾಡುತ್ತಾರೆ. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿಡಿಡಿ ಚಾಳುಗಳಲ್ಲಿ 160 ಚದರಡಿಯ ಒಂದು ಖೋಲಿಯಲ್ಲಿ ಇಡೀ ಸಂಸಾರ ಬದುಕುತ್ತಿತ್ತು, ಶೌಚಾಲಯಕ್ಕೆ ಸಾಲು ನಿಲ್ಲಬೇಕಿತ್ತು. ಆ ಕಷ್ಟವನ್ನು ಪ್ರೀತಿಯ ಗುಟ್ಟೆಂದು ಹೊಗಳುವವರು ಅಲ್ಲಿ ಬಾಳಿದವರಲ್ಲ ಎಂದೇ ನನ್ನ ಅನುಮಾನ. ಚಾಳಿನಿಂದ ಉಳಿಸಿಕೊಳ್ಳಬೇಕಾದದ್ದು ಅದರ ಗ್ಯಾಲರಿ: ಎಲ್ಲ ಬಾಗಿಲುಗಳೂ ತೆರೆದುಕೊಳ್ಳುವ, ಕೆಲಸವಿಲ್ಲದೆಯೂ ನಿಲ್ಲಬಹುದಾದ ಸ್ಥಳ. 1893ರಲ್ಲಿ ಗಿರಗಾಂವಿನ ಕೇಶವಜಿ ನಾಯಕ್ ಚಾಳಿನಲ್ಲಿ ಆರಂಭವಾದ ಸಾರ್ವಜನಿಕ ಗಣೇಶೋತ್ಸವ ಇಂದಿಗೂ ಅಲ್ಲಿ ನಡೆಯುತ್ತಿದೆ ಎಂದರೆ ಅದಕ್ಕೆ ಭಕ್ತಿಯಷ್ಟೇ ಅಂಥ ಜಾಗವೂ ಕಾರಣವಿರಬೇಕು. ನಮ್ಮ ಟವರಿನ ಲಾಬಿಯಲ್ಲಿ ಸೋಫಾ ಇತ್ತು, ಪಕ್ಕದಲ್ಲೇ ‘ಇಲ್ಲಿ ಕೂರಬಾರದು’ ಎಂಬ ಫಲಕವೂ ಇತ್ತು. ಫಲಕ ತೆಗೆಸಿದೆ, ಗೇಟಿನ ಬಳಿಯ ಮರದ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿದೆ. ಮಕ್ಕಳ ಆಟದ ಜಾಗ ಕಾಣುವಂತೆ, ಬಸ್ಸು ಇಳಿದು ಬರುವವರು ಹಾದುಹೋಗುವಂತೆ ಕಟ್ಟೆಯ ದಿಕ್ಕನ್ನು ಆರಿಸಿದ್ದೆ. ಮೂಲೆಗೆ ತಳ್ಳಿದ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಚೆಲುವಿನ ವಿಷಯದಲ್ಲಿ ಹೆಚ್ಚೇನೂ ಮಾಡಲಿಲ್ಲ. ಗೋಡೆಯ ಬಣ್ಣವನ್ನು ಸಭೆಯಲ್ಲಿ ಕೈ ಎತ್ತಿಸಿ ಆರಿಸಿದೆವು, ಕುಂಡಗಳನ್ನು ಮಹಡಿಗೊಬ್ಬರಂತೆ ವಹಿಸಿಕೊಂಡೆವು.

ನಿಜವಾದ ಜಗಳ ನಡೆದದ್ದು ಬಾಡಿಗೆಯವರ ವಿಷಯದಲ್ಲಿ. ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನವರಿಗೆ ಸಭೆಯಲ್ಲಿ ಮತವಿಲ್ಲ. ಅವರ ಮಾಲೀಕರಿಂದ ಮಾತ್ರ ಸೊಸೈಟಿ ಸೇವಾ ಶುಲ್ಕದ ಶೇಕಡಾ 10ರವರೆಗೆ ನಾನ್-ಆಕ್ಯುಪೆನ್ಸಿ ಶುಲ್ಕ, ಅಂದರೆ ತಾವು ವಾಸಿಸದೆ ಬಾಡಿಗೆಗೆ ಕೊಟ್ಟದ್ದಕ್ಕೆ ಶುಲ್ಕ, ಪಡೆಯುತ್ತದೆ. ಬ್ಯಾಚುಲರುಗಳಿಗೆ ಮನೆ ಕೊಡಬಾರದು ಎಂಬ ಠರಾವು ಬೇಕೆಂದು ಕೆಲವರು ಪಟ್ಟು ಹಿಡಿದರು. ಕನ್ನಡಿಗನಾಗಿ ನನಗೆ ಅದು ನುಂಗಲಾರದ ಮಾತು. ಈ ನಗರದಲ್ಲಿ ಕನ್ನಡಿಗರ ಬದುಕು ಆರಂಭವಾದದ್ದೇ ಒಂಟಿಯಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ಹುಡುಗರಿಂದ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಾಗಲಿ, 1926ರ ಮಾಟುಂಗದ ಮೈಸೂರು ಅಸೋಸಿಯೇಷನ್ ಆಗಲಿ ಇಷ್ಟು ಕಾಲ ಉಳಿದದ್ದು ಬಂದವನಿಗೆ ಕುರ್ಚಿಯ ಜೊತೆಗೆ ಒಂದು ಕೆಲಸವನ್ನೂ ಕೊಟ್ಟದ್ದರಿಂದ ಎಂದು ನಾನು ತಿಳಿದಿದ್ದೇನೆ. ಯಕ್ಷಗಾನದ ದಿನ ಜಮಖಾನೆ ಹಾಸಿದವನು ಮುಂದಿನ ವರ್ಷ ತಾನಾಗಿ ಬರುತ್ತಾನೆ.

ಅದನ್ನೇ ಇಲ್ಲಿಯೂ ಮಾಡಿದೆವು. ಠರಾವು ಬಿದ್ದುಹೋಯಿತು. ಬಾಡಿಗೆಗಿದ್ದ ಯುವಕರಿಗೂ ನರ್ಸ್ ಹುಡುಗಿಯರಿಗೂ ಗಣಪತಿಯ ಮಂಟಪ ಮತ್ತು ವರ್ಗಣಿಯ (ಚಂದಾಹಣದ) ಲೆಕ್ಕ ಎರಡನ್ನೂ ವಹಿಸಿದೆವು. ಲೆಕ್ಕ ಕೊಟ್ಟದ್ದಕ್ಕೆ ಹುಬ್ಬೇರಿಸಿದವರಿದ್ದರು. ಆದರೆ ಮಂಟಪ ಕಟ್ಟಲು ಮಾತ್ರ ಕರೆದರೆ ಅದು ಬಿಟ್ಟಿ ಚಾಕರಿಯಾಗುತ್ತದೆ, ಹಣವನ್ನು ನಂಬಿ ಕೊಟ್ಟಾಗಲೇ ಪಾಲುದಾರಿಕೆ. ಮನೆಗೆಲಸದವರು ಬೇರೆ ಲಿಫ್ಟು ಬಳಸಬೇಕೆಂಬ ಬಿಲ್ಡರ್ ಕಾಲದ ಸೂಚನೆಯನ್ನೂ ಅದೇ ವರ್ಷ ತೆಗೆದೆವು. ಅದಕ್ಕೆ ಹಳಬರಿಗಿಂತ ಹೊಸಬರೇ ಹೆಚ್ಚು ವಿರೋಧಿಸಿದರು, ಇಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಈಗ ವಾರ್ಷಿಕ ಸಭೆ ಮೊದಲ ಕರೆಗೇ ಕೂಡುತ್ತದೆ. ಕರಾರು ಮುಗಿದರೂ ಕಟ್ಟಡ ಬಿಡಲೊಲ್ಲದೆ ಇನ್ನೊಂದು ಮಹಡಿಯಲ್ಲಿ ಮನೆ ಹುಡುಕಿಕೊಂಡ ಬಾಡಿಗೆಯವರೂ ಇದ್ದಾರೆ. ಕಾರ್ಪಸ್ಸಿನ ಜಗಳ ಮಾತ್ರ ಮುಗಿದಿಲ್ಲ. ಅದರ ಬಡ್ಡಿಯಲ್ಲಿ ಒಂದು ಭಾಗವನ್ನು ಮುಂದಿನ ದೊಡ್ಡ ದುರಸ್ತಿಗೆ ಬಿಟ್ಟುಕೊಡಲು ಹಳಬರಲ್ಲಿ ಅರ್ಧದಷ್ಟು ಜನ ಒಪ್ಪಿದ್ದಾರೆ, ಉಳಿದವರ ಮನೆಗಳಿಗೆ ಹೋಗಿ ಮಾತನಾಡುವ ಕೆಲಸವನ್ನು ಈ ಬಾರಿ ಸೇಲ್ ಫ್ಲ್ಯಾಟಿನ ಒಬ್ಬರು ವಹಿಸಿಕೊಂಡಿದ್ದಾರೆ.