ಕಂಬಳಿ ಮೇಲೆ ಝೆನ್ ಕೂರುವ ಕ್ರಮ

ಝೆನ್ ಅಂದರೆ ಜಪಾನಿನಲ್ಲಿ ಬೆಳೆದ ಬೌದ್ಧ ಧ್ಯಾನದ ದಾರಿ. ಅದಕ್ಕೆ ಕೂರಲು ಚಳ್ಳಕೆರೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಸಿ, ಮೇಲೊಂದು ಗಟ್ಟಿ ದಿಂಬಿಡಿ. ದಿಂಬಿನ ಮುಂದಿನ ಅರ್ಧದಲ್ಲಷ್ಟೇ ಕೂತರೆ ಮಂಡಿಗಳು ನೆಲ ಮುಟ್ಟುತ್ತವೆ. ಹಿಂದೆ ಸರಿದರೆ ಬೆನ್ನು ಗೂನಾಗುತ್ತದೆ. ಮಂಡಿನೋವಿದ್ದವರು ಕುರ್ಚಿಯಲ್ಲೇ ಕೂರಲಿ, ಹಟ ಬೇಡ.

ಬಲ ಅಂಗೈ ಮೇಲೆ ಎಡಗೈ. ಹೆಬ್ಬೆರಳ ತುದಿಗಳು ಹಗುರವಾಗಿ ತಾಗಲಿ. ಅವು ಜೋತುಬಿದ್ದರೆ ತೂಕಡಿಕೆ ಬಂತೆಂದೇ ಲೆಕ್ಕ. ಅರೆತೆರೆದ ಕಣ್ಣು ಮೂರಡಿ ಮುಂದಿನ ನೆಲದ ಮೇಲಿರಲಿ. ಚಿತ್ರದುರ್ಗ, ದಾವಣಗೆರೆ ಕಡೆ ಇಷ್ಟಲಿಂಗ ಪೂಜೆ ಮಾಡುವವರಿಗೆ ಈ ಅರೆನೋಟ ಹೊಸದಲ್ಲ. ಅಲ್ಲಿ ಅಂಗೈಯಲ್ಲಿ ಲಿಂಗವಿರುತ್ತದೆ, ಇಲ್ಲಿ ಏನೂ ಇರುವುದಿಲ್ಲ, ಅಷ್ಟೇ.

ಹೊರಬಿಡುವ ಉಸಿರನ್ನು 1ರಿಂದ 10ರವರೆಗೆ ಎಣಿಸಿ. ಲೆಕ್ಕ ತಪ್ಪಿದರೆ ಮತ್ತೆ 1. ಸಾವಿನ ಯೋಚನೆ ಬಂದರೆ ಓಡಿಸಬೇಡಿ, ಉತ್ತರ ಹುಡುಕಲೂ ಹೋಗಬೇಡಿ. ಮುಂದಿನ ಉಸಿರಿಗೆ ಬನ್ನಿ. ಮೊದಮೊದಲು 10 ನಿಮಿಷ ಸಾಕು. ಜೋಮು ಹಿಡಿದ ಕಾಲಲ್ಲಿ ತಟ್ಟನೆ ಎದ್ದರೆ ಬೀಳುತ್ತೀರಿ, ಉಜ್ಜಿಕೊಂಡು ಏಳಿ.